ಸಸ್ಪೆನ್ಷನ್‌ಗೆ ಅವ್ವನ ಸರ್ಟಿಫಿಕೇಟು

ಕಲ್ಲಿನ ಗಣಿಗಳ ಅಳತೆಗೆ ತಿರುಗುವ ನನ್ನ ಹಳೆಯ ಜೀಪಿಗೆ ದೊಡ್ಡ ಟೈರು ಹಾಕಿಸಿ, ಎತ್ತರ ಮಾಡಿಸಿ ಬೀಗುತ್ತಿದ್ದೆ. ಗಣಿ ದಾರಿಗೆ ಇಳಿದ ಮೊದಲ ದಿನವೇ ಕುಡಿದ ಚಹಾ ಗಂಟಲಿಗೆ ವಾಪಸ್ ಬಂತು. ವಾಡಿ ಊರಿನ ಗ್ಯಾರೇಜಿನ ಮಿಸ್ತ್ರಿ ಶರಣಪ್ಪ, ಕುಲುಕಾಟ ಕಡಿಮೆಯಾಗಲೆಂದು ಹಿಂದಿನ ಎರಡೂ ಸ್ಪ್ರಿಂಗುಗಳಿಂದ ಒಂದೊಂದು ಕಮಾನು ಪಟ್ಟಿ ಬಿಚ್ಚಿ ತೆಗೆದ.

"ಮೆತ್ತಗಾಗ್ಯದೋ ಇಲ್ಲೋ ನಮ್ಮವ್ವನೇ ಹೇಳಬೇಕ್ರಿ. ಆಕಿಗಿ ನಡುನೋವು ಅದ. ಹಿಂದ ಕುಂದ್ರಿಸಿಕೊಂಡು ರಾವೂರ ತನಕ ಹೋಗಿ ಬರ್ರಿ" ಅಂದ.

ಅವ್ವ ನಾಗರ ಪಂಚಮಿಯ ಉಂಡಿಗಳ ಗಂಟು ಹಿಡಿದೇ ಹತ್ತಿದರು. ರಾವೂರಿನಲ್ಲಿ ಮಗಳ ಮನೆ ಮುಂದೆ ಇಳಿದು, ಗಂಟು ಕೊಟ್ಟು, ಮರಳಿ ಬಂದು, "ಇನ್ನೂ ಭಾಳ ಕುಣೀತದಪ್ಪ" ಅಂದರು.

ಮರುದಿನ ಶರಣಪ್ಪ ಶಾಕ್ ಅಬ್ಸಾರ್ಬರ್ ಬದಲಿಸಿದ. ಅವ್ವನ ಜೊತೆ ಈ ಸಲ ಜೋಳದ ಚೀಲವೂ ಹತ್ತಿತು. ನನಗೆ ಜೀಪು ತೊಟ್ಟಿಲಿನಂತೆ ಅನಿಸಿತು. ಅವ್ವ ಮಾತ್ರ, "ಜರಾ ಬಿರುಸು ಅದ" ಅಂದರು. ಅವರ ನಡುನೋವಿನ ಮುಂದೆ ನನ್ನ ಇಂಜಿನಿಯರಿಂಗ್ ಡಿಪ್ಲೊಮಾ ಏನು ನಡೆದೀತು?

ಮೂರನೆಯ ದಿನ ರಾವೂರಿನಿಂದ ಬರುವಾಗ ಹಬ್ಬಕ್ಕೆ ತವರಿಗೆ ಹೊರಟ ಅವ್ವನ ಮಗಳು, ಮೊಮ್ಮಗಳು, ಅವರ ಟ್ರಂಕು ಎಲ್ಲವೂ ಜೀಪಿನಲ್ಲಿದ್ದವು. ಗ್ಯಾರೇಜಿನ ಮುಂದೆ ಇಳಿಯುತ್ತಲೇ ಅವ್ವ, "ಈಗ ನೋಡಪ್ಪ, ಹೂವಿನಂಗ ಬಂತು!" ಅಂದರು.

ಇವತ್ತೇನು ಮಾಡಿದೆ ಎಂದು ಶರಣಪ್ಪನನ್ನು ಕೇಳಿದೆ.

"ಇವತ್ತ ನಾ ನಟ್ಟು ಬಿಚ್ಚೋ ಪಾನಾನೇ ಮುಟ್ಟಿಲ್ರಿ ಸರ."

ನಾನು ಗಾಡಿ ಸ್ಟಾರ್ಟ್ ಮಾಡುತ್ತಿದ್ದಂತೆ ಅವ್ವ ಮಗಳ ಟ್ರಂಕು ಒಳಗಿಟ್ಟು ಕಿಟಕಿಯ ಹತ್ತಿರ ಬಂದರು. "ಪಂಚಮಿ ಮುಗದ ಮ್ಯಾಲ ಒಮ್ಮಿ ತೊಗೊಂಡು ಬಾರಪ್ಪ. ಮತ್ತ ಬಿರುಸಾಗತದ ಅದು."