ಸ್ವಾಗತ ಮುಗಿಯುವ ತನಕ ನಿಲ್ಲದ ಟ್ರಾಲಿ

ಕ್ಯಾಂಟೀನ್ ಗೋಡೆಪತ್ರಿಕೆಯ ಗೆಳೆಯರೇ, ಮಧ್ಯಾಹ್ನ ಅರ್ಧ ರಾಜಾಜಿನಗರಕ್ಕೆ ಕೇಳಿಸಿದ ಸದ್ದು ನಮ್ಮ ಕಾರ್ಖಾನೆ ಷೆಡ್ಡಿನದೇ. ಯಾರಿಗೂ ಏನೂ ಆಗಿಲ್ಲ.

ನಾಳೆ ಕಂಪನಿಯ ಅಧ್ಯಕ್ಷರು ನಮ್ಮ ಹೊಸ ಕಂಪ್ಯೂಟರ್ ನಡೆಸುವ ಟ್ರಾಲಿಯನ್ನು ನೋಡಲು ಬರುತ್ತಾರೆ. ಅದರ ಪ್ರೋಗ್ರಾಮಿಂಗ್ ಭಾಷೆಯ ರನ್‌ಟೈಮ್, ಅಂದರೆ ಪ್ರೋಗ್ರಾಮನ್ನು ಓಡಿಸುವ ಭಾಗ, ಬರೆದವನು ನಾನು. ಕೆಂಪು ಗುಂಡಿ ಒತ್ತಿದರೆ ಇಂಟರಪ್ಟ್ ಎಂಬ ತುರ್ತು ಸಿಗ್ನಲ್ ಬರುತ್ತದೆ. ಕಂಪ್ಯೂಟರ್ ಕೈಲಿದ್ದ ಕೆಲಸ ಬಿಟ್ಟು ಮೊದಲು ಟ್ರಾಲಿ ನಿಲ್ಲಿಸಬೇಕು. ಆದರೆ ಮ್ಯಾನೇಜರ್ ಬಸಪ್ಪನವರಿಗೆ ಟೆಲಿಪ್ರಿಂಟರಿನಲ್ಲಿ ಸ್ವಾಗತ ಸಂದೇಶ ಬೇಕಾಯಿತು.

"ಅದು ಅಚ್ಚಾಗೋವಾಗ ಯಾವ ಸಿಗ್ನಲ್ಲೂ ಮಧ್ಯೆ ಬಾಯಿ ಹಾಕಬಾರದು. ಅಧ್ಯಕ್ಷರ ಹೆಸರು ಕಣ್ರೀ!"

ಬೇಡ ಸಾರ್ ಎಂದೆ. ಕೇಳಲಿಲ್ಲ. ಸಂದೇಶ ಮುಗಿಯುವವರೆಗೆ, ಕೆಂಪು ಗುಂಡಿಯದೂ ಸೇರಿ, ಸಿಗ್ನಲ್‌ಗಳನ್ನೆಲ್ಲ ತಡೆದಿಟ್ಟೆ.

ಇಂದು ತಾಲೀಮು. ಟ್ರಾಲಿಯ ದಾರಿಯ ಕೊನೆಯಲ್ಲಿ ಅಧ್ಯಕ್ಷರಿಗೆಂದು ಹಾಕಿದ್ದ ಕುರ್ಚಿಯಲ್ಲಿ ಬಸಪ್ಪನವರೇ ಕೂತರು. ಟ್ರಾಲಿ ಹೊರಟಿತು. ಫಿಟ್ಟರ್ ಮುನಿಯಣ್ಣ ಗುಂಡಿ ಒತ್ತಿದರು. ಟೆಲಿಪ್ರಿಂಟರ್ ಆಗಷ್ಟೇ 'ಆನರಬಲ್' ಮುಗಿಸಿ, ನಿಧಾನವಾಗಿ ಬಿರುದುಗಳನ್ನು ಶುರು ಮಾಡಿತ್ತು.

"ಒತ್ತಿದೀನಿ ಸಾರ್, ನಿಲ್ತಾನೇ ಇಲ್ಲ! ಎದ್ದೇಳಿ!"

ಬಸಪ್ಪನವರು ಪಕ್ಕಕ್ಕೆ ಹಾರಿದರು. ಟ್ರಾಲಿ ಗುದ್ದಿದ ಸದ್ದಿಗೆ ಷೆಡ್ಡೇ ನಡುಗಿತು, ಕುರ್ಚಿ ಚೂರುಚೂರಾಯಿತು. ಕೊನೆಯ ಬಿರುದೂ ಅಚ್ಚಾದ ಮೇಲೆ ಟ್ರಾಲಿ ಬಹಳ ವಿನಯದಿಂದ ನಿಂತಿತು.

ತಡೆಯನ್ನು ಅಲ್ಲೇ ಕಿತ್ತುಹಾಕಿದೆ. ಈಗ ಸ್ವಾಗತದ ನಡುವೆ ಗುಂಡಿ ಒತ್ತಿದರೂ ಟ್ರಾಲಿ ತಕ್ಷಣ ನಿಲ್ಲುತ್ತದೆ. ಸಂಜೆಯವರೆಗೂ ಒತ್ತಿ ಒತ್ತಿ ನೋಡಿ, ಎಲ್ಲರೂ ನೆಮ್ಮದಿಯಾಗಿ ಕಾಫಿ ಕುಡಿದೆವು.

ಬಸಪ್ಪನವರು ಮಂಡಿ ಉಜ್ಜಿಕೊಳ್ಳುತ್ತಲೇ ಕೇಳಿದರು: "ಆದ್ರೂ, ಹೆಸರು ಅರ್ಧಕ್ಕೇ ನಿಂತುಬಿಟ್ರೆ?"

"ಹೆಸರು ಅರ್ಧ ಆದ್ರೆ ಆಗ್ಲಿ ಸಾರ್," ಎಂದೆ. "ಅಧ್ಯಕ್ಷರು ಪೂರ್ತಿ ಇರ್ತಾರೆ."