ಸೊಲ್ಲಾಪುರ ರಸ್ತೆಯ ಕಡಲು

ಕರ್ರೆಂದು ವಜ್ರದ ಮೊನೆ ಗಾಜಿನ ಮೇಲೆ ಗೆರೆ ಕೊರೆಯಿತು. ಹಿಂದೆಯೇ ಟಕ್ಕೆಂದು ಗಾಜು ಎರಡಾಯಿತು. ಸೊಲ್ಲಾಪುರ ರಸ್ತೆಯ ಲಾರಿಗಳ ಗದ್ದಲದಲ್ಲೂ ಆ ಟಕ್ ಅನ್ನು ನೇತ್ರಾ ತಪ್ಪದೆ ಕೇಳಿಸಿಕೊಳ್ಳುತ್ತಾಳೆ. ಗಾಜು ಸುಳ್ಳು ಹೇಳುವುದಿಲ್ಲ. ಫೋಟೋಕ್ಕೆ ಕಟ್ಟು ಹಾಕಿಸಲು ಬರುವ ಮಂದಿಯ ಬಗ್ಗೆ ಅವಳಿಗೆ ಆ ನಂಬಿಕೆಯಿಲ್ಲ. ಬದುಕಿದ್ದಾಗ ಅವ್ವನಿಗೆ ಬಿಸಿ ರೊಟ್ಟಿ ಹಾಕದವರೇ ಸತ್ತ ಮೇಲೆ ಬಂಗಾರದ ಬಣ್ಣದ ಕಟ್ಟು ಕೇಳುತ್ತಾರೆ. ಅದರಲ್ಲೂ ಚೌಕಾಸಿ ಮಾಡುತ್ತಾರೆ.

ಅಪ್ಪ ತೀರಿದ ಮೇಲೆ ತಿಕೋಟಾದ ದ್ರಾಕ್ಷಿ ತೋಟ ತಮ್ಮ ಸಂಗುವಿಗೆ ಹೋಯಿತು, ಈ ಗಾಜು, ಕಟ್ಟಿನ ಅಂಗಡಿ ಅವಳಿಗೆ ಉಳಿಯಿತು. ಹಂಚಿಕೆ ಮಾಡಿದ ಹಿರಿಯರು ಅಕ್ಕನ ದೊಡ್ಡ ಮನಸ್ಸನ್ನು ಹೊಗಳಿ, ಹೋಳಿಗೆ ಉಂಡು ಹೋಗಿದ್ದರು.

ಅಂಗಡಿಯ ಮೂಲೆಯಲ್ಲಿ ಈಗ ಒಂದು ಕಡಲಿದೆ. ನಿಜವಾದ ಕಡಲನ್ನು ನೇತ್ರಾ ಕಂಡವಳಲ್ಲ. ಮೊಬೈಲಿನಲ್ಲಿ ಕಂಡದ್ದು ಒಂದು ಮೀನು: ಕೇಸರಿ ಮೈ, ಅದಕ್ಕೆ ವಿಭೂತಿ ಎಳೆದಂತೆ ಬಿಳಿ ಪಟ್ಟೆ. ಆಸೆ ಅಂಟಿಕೊಂಡಿತು. ಮೀನು ಸಾಕಲು ಹೊಸ ಗಾಜಿನ ತೊಟ್ಟಿ ಕೊಳ್ಳುವ ಶಕ್ತಿಯಿರಲಿಲ್ಲ. ಮುಚ್ಚಿಹೋದ ಸೀರೆ ಅಂಗಡಿಯೊಂದರ ಶೋಕೇಸಿನ ದಪ್ಪ ಗಾಜನ್ನು ತಂದು, ಕೊಯ್ದು, ಸಿಲಿಕೋನ್ ಅಂಟು ಹಚ್ಚಿ ತಾನೇ ಜೋಡಿಸಿದಳು. ಕಡಲ ಮೀನಿನ ಉಪ್ಪನ್ನು ಪುಣೆಯಿಂದ ತರಿಸಿದಳು. ಸೊಲ್ಲಾಪುರದಲ್ಲಿ ಈ ಹವ್ಯಾಸ ಬಿಟ್ಟವರೊಬ್ಬರ ಮನೆಯಿಂದ ಕಲ್ಲು, ಪಂಪು ಬಂದವು. ಶುದ್ಧ ನೀರಿನ ಘಟಕದಿಂದ ನೀರು ಹೊತ್ತಳು. ಆಮೇಲೆ ಮೀನು ಬಿಡದೆ, ನೀರು ಹದಕ್ಕೆ ಬರಲೆಂದು ವಾರಗಟ್ಟಲೆ ಕಾದಳು.

ಬಂದವರೆಲ್ಲ ಬಗ್ಗಿ ನೋಡಿ ನಕ್ಕರು. "ಯವ್ವಾ, ಕಲ್ಲ ಸಾಕೀಯೇನ? ಮೇವ ಏನ ಹಾಕ್ತಿ?"

ಅವಳು ಗಾಜು ಕೊಯ್ಯುತ್ತಲೇ ಇದ್ದಳು. ಬದನೆಕಾಯಿ ಬೇಯುವ ತನಕ ಕಾಯಲಾರದ ಮಂದಿಗೆ ಏನು ಹೇಳುವುದು?

ಮೊನ್ನೆ ಎರಡು ಮೀನು ಬಂದವು. ಬೆರಳುದ್ದವೂ ಇಲ್ಲ. ಅವು ಉಳಿಯಬೇಕು, ಅಷ್ಟೇ ಈಗ ಅವಳ ಹಟ.

ಇಂದು ಸಂಗು ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮಾರು ದೂರದಿಂದಲೇ ಹೊಡೆಯುವ ಸೆಂಟು, ಕೈಯಲ್ಲಿ ಒಣದ್ರಾಕ್ಷಿಯ ಪೊಟ್ಟಣ.

"ಅಕ್ಕಾ, ಬಬಲೇಶ್ವರದಾಗ ನನ್ನ ಹೊಸ ಅಂಗಡಿ ಓಪನಿಂಗ ಐತಿ. ಈ ಮೀನಿನ ಪೆಟಗಿ ಒಂದ ದಿನ ಕೌಂಟರ್ ಮ್ಯಾಲ ಇಡ್ತೀನಿ. ದೊಡ್ಡ ದೊಡ್ಡ ಮಂದಿ ಬರಾವ್ರ ಅದಾರ."

"ಟಂಟಂದಾಗ ಹೇರ್ಕೊಂಡ ಒಯ್ತೀಯೇನ?"

"ಮತ್ತ? ಈ ನೀರ ಚೆಲ್ಲಿ ಒಯ್ದು, ಅಲ್ಲೇ ಬೋರಿನ ನೀರ ತುಂಬಿದ್ರಾತು. ನಮ್ಮ ನೀರೂ ಸವಳ ಅದಾವಲ್ಲ!" ತನ್ನ ಮಾತಿಗೆ ತಾನೇ ನಕ್ಕ.

"ನಿನ್ನ ತಲ್ಯಾಗೂ ಅವ ನೀರ ತುಂಬ್ಯಾವೇನಪಾ? ಮೀನ ಸತ್ತ ಹೋಗ್ತಾವ ಲೇ."

"ಸತ್ರ ಬ್ಯಾರೆ ಎರಡ ತಂದ ಕೊಡ್ತೀನಿ ಬಿಡ. ಮೀನಿಗೇನ ಬರ ಬಂದೈತಿ?"

ಗಿರಾಕಿಯೊಬ್ಬ ಕರೆದ. ಅವನ ಅಜ್ಜಿಯ ಫೋಟೋವನ್ನು ಕಾಗದದಲ್ಲಿ ಸುತ್ತಿಕೊಟ್ಟು ನೇತ್ರಾ ತಿರುಗುವಷ್ಟರಲ್ಲಿ ಸಂಗು ತೊಟ್ಟಿಯ ಮುಚ್ಚಳ ಸರಿಸಿ, ಒಂದು ಹಿಡಿ ಒಣದ್ರಾಕ್ಷಿ ಸುರಿದಿದ್ದ.

"ತಿನ್ನಲಿ ಬಿಡ, ಎಕ್ಸ್‌ಪೋರ್ಟ್ ಮಾಲ್ ಐತಿ!"

ಹೊಳಪಿಗೆಂದು ದ್ರಾಕ್ಷಿಗೆ ಸವರಿದ ಎಣ್ಣೆ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿತು. ಸ್ವಲ್ಪ ಹೊತ್ತಿಗೆ ಮೀನುಗಳೆರಡೂ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು.

ನೇತ್ರಾ ಜಾಳಿಗೆಯಿಂದ ದ್ರಾಕ್ಷಿಯನ್ನೆಲ್ಲ ಬಾಚಿ ತೆಗೆದಳು. ಒಂದು ಮಾತೂ ಬೈಯಲಿಲ್ಲ. ಬೈಯುವುದಕ್ಕೂ ಎದುರಿಗಿರುವವನ ಮೇಲೆ ತುಸು ಗೌರವ ಬೇಕು. ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಅರ್ಧ ನೀರನ್ನಾದರೂ ಈಗಲೇ ಬದಲಿಸಬೇಕು. ಚೀಲದಲ್ಲಿ ಉಪ್ಪಿತ್ತು, ಕ್ಯಾನುಗಳಲ್ಲಿ ಶುದ್ಧ ನೀರಿರಲಿಲ್ಲ. ಮುಚ್ಚಳ ಹಾಕಿ, ಸಂಗು ಮತ್ತೆ ತೆರೆಯದಂತೆ ಮೇಲೊಂದು ದಪ್ಪ ಗಾಜು ಹೇರಿದಳು.

"ಅಕ್ಕಾ, ಸಿಟ್ಟಾಗಬ್ಯಾಡ. ಹಿಂಗ ಮಾಡೂಣು, ಓಪನಿಂಗ ಕಾರ್ಡಿನ್ಯಾಗ ನಿನ್ನ ಹೆಸರೂ ಹಾಕಸ್ತೀನಿ. ಅಪ್ಪನ ಫೋಟೋಕ್ಕ ಹಾರ ನೀನ ಹಾಕು. ಮತ್ತ ಈ ಪೆಟಗಿ ನಾಳೆ ಮುಂಜಾನೆ..."

ನೇತ್ರಾ ಎರಡು ಖಾಲಿ ಕ್ಯಾನುಗಳನ್ನೆತ್ತಿಕೊಂಡು ಮೆಟ್ಟಿಲಿಳಿದು, ನೀರಿನ ಘಟಕದ ಕಡೆ ನಡೆದಳು.