ಸರ್ವರ್ ಕರೆದದ್ದು ‘ಮಾರಾಯ’ ಎಂದು

ಗೆಳೆಯರೇ, ಇವತ್ತು ಬೆಳಿಗ್ಗೆ ಉಳ್ಳಾಲದ ಹೋಟೆಲ್ ಮಾಲೀಕರೊಬ್ಬರು ಫೋನ್ ಮಾಡಿ ನನಗೆ ಬೈದರು.

“ನಿಮ್ಮ ಸರ್ವರ್ ನನ್ನನ್ನು ಮಾರಾಯ ಅಂತ ಕರೀತಾ ಉಂಟು. ಅದೂ ಕೆಲಸದವರ ಎದುರು!”

ಹಳೆಯ ಕಂಪ್ಯೂಟರನ್ನೇ ಆಫೀಸಿನ ಮೇಲ್, ಫೈಲುಗಳನ್ನು ನೋಡಿಕೊಳ್ಳುವ ಸರ್ವರ್ ಮಾಡಿಕೊಡುವ ಉಚಿತ ಸಾಫ್ಟ್‌ವೇರ್ ನಮ್ಮದು. ವಾಮಂಜೂರಿನ ಬಾಡಿಗೆ ಕೋಣೆಯಲ್ಲಿ ನಾನೂ ಗೆಳೆಯ ಸಂತೋಷನೂ ಶುರುಮಾಡಿದ್ದು. ಡಿಸ್ಕ್ ತುಂಬಿದಾಗ ‘ಜಾಗೆ ಇಜ್ಜಿ ಮಾರಾಯ’, ಅಂದರೆ ಜಾಗ ಇಲ್ಲ ಮಾರಾಯ ಎಂದು ತೋರಿಸಲಿ ಅಂತ ತಮಾಷೆಗೆ ಬರೆದವನು ಅವನೇ. ಆಮೇಲೆ ಯಾವ್ಯಾವುದೋ ದೇಶದವರು ಸೇರಿಕೊಂಡರು. ತಮಗೆ ಅರ್ಥವಾಗದ ಆ ತುಳು ಸಾಲನ್ನು ತೆಗೆಯಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಜಗಳವಾಡಿದರು. ನಂತರ ಒಬ್ಬೊಬ್ಬರಾಗಿ ಬಿಟ್ಟುಹೋದರು. ಸಂತೋಷನೂ ಹೋದ. ಉಳಿದದ್ದು ಆ ಸಾಲು ಮತ್ತು ನಾನು.

“ಡಿಸ್ಕ್ ತುಂಬಿದೆ ಅಂತ ಅದು ಹೇಳುವುದು ಸರ್. ಹಳೆಯದನ್ನು ಅಳಿಸದಿದ್ರೆ ಇವತ್ತೇ ನಿಮ್ಮ ಮೇಲ್ ನಿಲ್ತದೆ” ಎಂದೆ.

“ಅದೆಲ್ಲ ಮತ್ತೆ ನೋಡುವ. ಮೊದಲು ಅದನ್ನು ಮಾರಾಯ್ರೆ ಅಂತ ಮಾಡಿಕೊಡಿ.”

ಇಷ್ಟು ವರ್ಷ ಪುಕ್ಕಟೆ ಬಳಸಿದ ಮನುಷ್ಯ ನನ್ನಲ್ಲಿ ಮೊದಲ ಸಲ ಕೇಳಿದ್ದು ಇದು. ವಾದ ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ಕುಳಿತು ತಿದ್ದಿದೆ. ಹೊಸ ಆವೃತ್ತಿ ಬಿಡುಗಡೆ ಮಾಡಿ, ಏನು ಬದಲಾಗಿದೆ ಎಂದು ತಿಳಿಸುವ ಜಾಗದಲ್ಲಿ ‘ಗೌರವ ಸೇರಿಸಲಾಗಿದೆ’ ಎಂದು ಬರೆದೆ.

ಸಂಜೆ ಅವರದೇ ಮೆಸೇಜ್ ಬಂತು.

“ಈಗ ಸರಿ ಉಂಟು. ಆದ್ರೆ ಮೇಲ್ ಎಂತಕ್ಕೆ ಬರ್ತಾ ಇಲ್ಲ ಮಾರಾಯ?”